ವಿಂಡ್ಸರ್ ಕೋಟೆಗೆ ಅಡ್ಡ ನಿಂತ ಆಂಟಿ

ಗೆಳೆಯರೇ, ಇವತ್ತು ಮಧ್ಯಾಹ್ನ ಅಮೆರಿಕದ ಮಾರಿಸ್‌ವಿಲ್‌ನ ಶ್ರೀಪಾದ ಅಂಕಲ್ ಮನೆಯಲ್ಲಿ ಊಟ. ಬಿಸಿಬೇಳೆಬಾತ್ ಮುಗಿಯುತ್ತಲೇ ಅಂಕಲ್ ಗೋಡೆಗೆ ಬಿಳಿ ಪಂಚೆ ಕಟ್ಟಿ, ಹೋದ ವರ್ಷದ ಇಂಗ್ಲೆಂಡ್ ಪ್ರವಾಸದ ಸ್ಲೈಡ್ ತೋರಿಸತೊಡಗಿದರು.

ಮೊದಲು ವಿಂಡ್ಸರ್. ಪ್ರತಿ ಸ್ಲೈಡಿನಲ್ಲೂ ಕೋಟೆಗೆ ಅಡ್ಡವಾಗಿ ಅವರ ಹೆಂಡತಿ, ಸೀರೆಯ ಮೇಲೆ ಸ್ವೆಟರ್ ತೊಟ್ಟು ನಗುತ್ತಾ ನಿಂತಿದ್ದಾರೆ.

"ಆಂಟಿ ಸ್ವಲ್ಪ ಸೈಡಿಗೆ ನಿಂತಿದ್ರೆ ಕ್ಯಾಸಲ್ ಕಾಣ್ತಿತ್ತು" ಎಂದೆ.

"ಮೂವ್, ಆಂಟಿ!" ಎಂದು ಊಟಕ್ಕೆ ಬಂದಿದ್ದ ಮಕ್ಕಳು ಕೂಗಿದರು. ಅಂಕಲ್ ಕೂಡ ನಕ್ಕರು.

ಆಮೇಲೆ ಸೇತುವೆಯಾಚೆಯ ಈಟನ್. ಹಳೆಯ ಶಾಲೆ, ಅದರ ಚಾಪೆಲ್, ಕಲ್ಲು ಹಾಸಿದ ಅಂಗಳ, ಎಲ್ಲವೂ ನಿಚ್ಚಳ. ಯಾರೂ ಅಡ್ಡವಿಲ್ಲ.

"ಇವು ಸೂಪರಾಗಿ ಬಂದಿವೆ ಅಂಕಲ್!" ಎಂದೆ.

"ಸೇತುವೆ ದಾಟೋಕೆ ಅವಳಿಗೆ ಆಗ್ಲಿಲ್ಲಪ್ಪ" ಎಂದರು ಅಂಕಲ್. "ಸುಸ್ತು ಅಂತ ಈಚೆ ಬೆಂಚಲ್ಲೇ ಕೂತ್ಲು. ವಾಪಸ್ ಬಂದು ಟೆಸ್ಟ್ ಮಾಡಿಸಿದ್ವಿ. ಆಮೇಲೆ ಮೂರು ತಿಂಗಳೂ ಇರ್ಲಿಲ್ಲ."

ನಾನು ಈ ಊರಿಗೆ ಹೊಸಬ. ಆಂಟಿ ಅಡುಗೆಮನೆಯಲ್ಲಿದ್ದಾರೆ ಎಂದೇ ತಿಳಿದಿದ್ದೆ.

"ಮೊದಲಿನವು ಇನ್ನೊಂದ್ಸಲ ನೋಡೋಣ್ವಾ?" ಎಂದು ಅಂಕಲ್ ಮತ್ತೆ ವಿಂಡ್ಸರ್ ಹಾಕಿದರು.

ಈ ಸಲ ಕೋಟೆ ಕಾಣುತ್ತಿಲ್ಲ ಎಂದು ಯಾರೂ ದೂರಲಿಲ್ಲ.