ಭಾವನ ಟರ್ಬೋ, ಮಾಮಿಯ ಹಲಸು

ಭಾವನ ಪಿಕಪ್ಪಿಗೆ ದೊಡ್ಡ ಟರ್ಬೋ ಬಂದ ಮೇಲೆ ಅಕ್ಕನ ಹಪ್ಪಳಕ್ಕೆ ಕಪ್ಪು ಬಣ್ಣ ಬಂತು. ಪಾಣೆಮಂಗಳೂರಿನ ಅವರ ಅಂಗಳದಲ್ಲಿ ಬೇಸಿಗೆಯಿಡೀ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತದೆ. ಅದನ್ನು ಅಂಗಡಿಗಳಿಗೆ ಮುಟ್ಟಿಸುವುದೂ ಅದೇ ಪಿಕಪ್. ಭಾವ ಗಲ್ಫಿನಿಂದ ಬರುವ ತನಕ ಅದು ಸಾಧು ಗಾಡಿಯಾಗಿತ್ತು. ಗಲ್ಫಿನಿಂದ ಬಂದವರು ಬಂಗಾರವನ್ನೋ ಅತ್ತರನ್ನೋ ತರುತ್ತಾರೆ. ನಮ್ಮ ಭಾವ ಅಲ್ಲಿ ರಜಾದಿನಗಳಲ್ಲಿ ಡೀಸೆಲ್ ಟ್ರಕ್ಕುಗಳು ಜೋಡಿ ಜೋಡಿಯಾಗಿ ಓಡುವ ಪಂದ್ಯ ನೋಡಿ ನೋಡಿ ತಲೆ ಕೆಡಿಸಿಕೊಂಡು, ಒಂದು ಟರ್ಬೋ ತಂದರು.

ಟರ್ಬೋ ಎಂದರೆ ಎಂಜಿನ್ನಿನೊಳಕ್ಕೆ ಗಾಳಿ ಊದುವ, ಶಂಖದ ಆಕಾರದ ಒಂದು ಯಂತ್ರ. ಹೆಚ್ಚು ಗಾಳಿ ಹೋದರೆ ಹೆಚ್ಚು ಡೀಸೆಲ್ ಉರಿಯುತ್ತದೆ, ಶಕ್ತಿಯೂ ಹೆಚ್ಚು. ಆದರೆ ದೊಡ್ಡ ಟರ್ಬೋ ದೊಡ್ಡ ಮನುಷ್ಯರ ಹಾಗೆ, ಏಳುವುದು ತಡ. ಆಕ್ಸಿಲರೇಟರ್ ಪೆಡಲ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಕರಿಹೊಗೆ. ಆಮೇಲೆ ಎಲ್ಲವೂ ಒಟ್ಟಿಗೆ. ಖಾಲಿ ಪಿಕಪ್ಪಿನ ಬಾಲಕ್ಕೆ ತೂಕವಿಲ್ಲದ್ದರಿಂದ ಹಿಂದಿನ ಚಕ್ರಗಳು ನೆಲ ಹಿಡಿಯದೆ ನಿಂತಲ್ಲೇ ಗಿರಗಿರ ತಿರುಗುತ್ತಿದ್ದವು. ಗಾಡಿ ಮುಂದೆ ಹೋಗುವ ಬದಲು ಸೊಂಟ ತಿರುಗಿಸಿ ಪಕ್ಕದ ಮನೆಯ ಗೇಟನ್ನು ನೋಡುತ್ತಿತ್ತು.

“ಎಂತ ಪ್ರಯೋಜನ?” ಅಕ್ಕ ಒಂದು ದಿನ ಮಸಿ ಬಿದ್ದ ಹಪ್ಪಳವೊಂದನ್ನು ಭಾವನ ಮೂಗಿನ ಹತ್ತಿರ ಹಿಡಿದಳು. “ಹೊಗೆ ಮಾತ್ರ ಮುಂದೆ ಹೋಗ್ತದೆ, ಗಾಡಿ ಇಲ್ಲೇ ಉಂಟು.”

“ಶಕ್ತಿ ಉಂಟು ಮಾರಾಯ್ತಿ, ಹಿಡಿತ ಇಲ್ಲ ಅಷ್ಟೆ.”

“ಹಿಡಿತ ಇಲ್ಲದ್ದು ಗಾಡಿಗೆ ಮಾತ್ರವಾ?” ಅಂದಳು ಅಕ್ಕ. ಆಮೇಲೆ ತೀರ್ಪು ಕೊಟ್ಟಳು. ಮುಂಡಾಜೆಯಲ್ಲಿ ಭಾನುವಾರ ಪಿಕಪ್ ಓಟ ಉಂಟಂತಲ್ಲ, ಅಲ್ಲಿ ಒಂದೇ ಒಂದು ಓಟ ಗೆದ್ದು ಬಂದರೆ ಟರ್ಬೋ ಇರಲಿ. ಸೋತರೆ ಸೋಮವಾರ ಅದನ್ನು ಬಿಚ್ಚಿ ಹಳೆಯದನ್ನು ಹಾಕಬೇಕು.

ಭಾವನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಉಪಾಯ ಹೊಳೆದಿತ್ತು. ಕೆಂಪುಕಲ್ಲು! ಗೋಡೆ ಕಟ್ಟುವ ಕಲ್ಲುಗಳನ್ನು ಹಿಂದಿನ ಅಚ್ಚಿನ ಮೇಲೆ, ಸ್ವಲ್ಪ ಬಾಲದ ಕಡೆಗೆ ಜೋಡಿಸಿದರೆ ಚಕ್ರ ನೆಲಕ್ಕೆ ಕಚ್ಚುತ್ತದೆ. ಮೈದಾನಕ್ಕೆ ಹೋದ ಮೇಲೆ ಹಿಂದಿನ ಟಯರಿನ ಗಾಳಿ ತುಸು ಇಳಿಸುವುದು. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಗಾಡಿಯಾದ್ದರಿಂದ ಎಡಗಾಲಲ್ಲಿ ಬ್ರೇಕ್ ಹಿಡಿದು, ಬಲಗಾಲಲ್ಲಿ ಪೆಡಲ್ ಒತ್ತಿ ಟರ್ಬೋವನ್ನು ಮೊದಲೇ ಎಬ್ಬಿಸುವುದು. ಭಾವನೂ ನಾನೂ ಶನಿವಾರವಿಡೀ ಕಲ್ಲನ್ನು ಒಂದು ಗೇಣು ಹಿಂದೆ, ನಾಲ್ಕು ಬೆರಳು ಮುಂದೆ ಸರಿಸುತ್ತ ಪರೀಕ್ಷೆ ಮಾಡಿದೆವು. ಕೊನೆಗೆ ಗಾಡಿ ಬಾಣದ ಹಾಗೆ ನೇರ ಹೋಯಿತು. ಭಾವ ಕಲ್ಲುಗಳಿಗೆ ಮುತ್ತು ಕೊಡುವುದೊಂದು ಬಾಕಿ.

ಭಾನುವಾರ ಬೆಳಿಗ್ಗೆ ಕಲ್ಲು ಹೇರಿಕೊಂಡು ಹೊರಟೆವು. ನಮ್ಮಲ್ಲಿ ಯಾವ ಗಾಡಿಯೂ ತನ್ನ ಕೆಲಸಕ್ಕೆ ಮಾತ್ರ ಹೋಗುವಂತಿಲ್ಲ. ‘ಹೇಗೂ ಆ ಕಡೆ ಹೋಗ್ತೀರಲ್ಲ’ ಎಂದು ಯಾರಾದರೂ ಏನಾದರೂ ಕೊಟ್ಟೇ ಕೊಡುತ್ತಾರೆ. ಬೇಡ ಎಂದರೆ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಬೆಳ್ತಂಗಡಿಗೆ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆಬದಿಯಲ್ಲಿ ನಮ್ಮ ಮಾಮಿ, ಅಂದರೆ ಸೋದರಮಾವನ ಹೆಂಡತಿ, ಕೈ ಅಡ್ಡ ಹಿಡಿದು ನಿಂತಿದ್ದರು. ಅವರ ಹಿಂದೆ ಹಲಸಿನಕಾಯಿಯ ಗುಡ್ಡೆ.

“ಮುಂಡಾಜೆಗಲ್ವಾ? ಮಗಳ ಮನೆ ಅಲ್ಲೇ. ಹಪ್ಪಳಕ್ಕೆ ಕಾಯಿ ಇಲ್ಲ ಅಂತ ದಿನಾ ಫೋನಿನಲ್ಲಿ ಅಳ್ತಾಳೆ.”

“ಮಾಮಿ, ಇದು ರೇಸಿನ ಗಾಡಿ,” ಭಾವ ಹೇಳಿ ನೋಡಿದರು.

“ರೇಸಿನದ್ದಾದರೆ ಒಳ್ಳೆದೇ ಆಯ್ತಲ್ಲ, ಬೇಗ ಮುಟ್ತದೆ.” ಮಾಮಿ ಹಿಂದಕ್ಕೆ ಹೋಗಿ ಇಣುಕಿದರು. “ಅಯ್ಯೋ ದೇವರೇ, ಈ ಕಲ್ಲನ್ನು ಎಂತಕ್ಕೆ ಊರೂರು ಸುತ್ತಿಸುವುದು? ನಮ್ಮ ಕೋಳಿಗೂಡಿನ ಅಡಿಗೆ ಹಾಕ್ಲಿಕ್ಕೆ ಕಲ್ಲೇ ಇಲ್ಲ. ಇಲ್ಲಿ ಇಳಿಸಿ. ಕೋಳಿ ಎಂತ ನಿಮ್ಮ ಕಲ್ಲು ತಿಂತದಾ?”

ಭಾವ ನನ್ನ ಮುಖ ನೋಡಿದರು. ಅವರ ಮದುವೆ ಕುದುರಿಸಿದ್ದೇ ಈ ಮಾಮಿ. ಇವತ್ತೂ ಅಕ್ಕನಿಗೆ ಸಿಟ್ಟು ಬಂದರೆ ಇಳಿಸಬಲ್ಲವರು ಇವರೊಬ್ಬರೇ. ಅಷ್ಟರಲ್ಲಿ ಕೆಸುವಿನೆಲೆಯ ಪತ್ರೊಡೆಯ ತಟ್ಟೆಯೂ ಹೊರಗೆ ಬಂತು. ಎರಡನೆಯ ತುಂಡು ತಿನ್ನುವಾಗ ಭಾವನ ಮುಖದಲ್ಲಿ ಬೆಳಕು ಮೂಡಿತು.

“ತೂಕ ಅಂದ್ರೆ ತೂಕವೇ ಅಲ್ವಾ? ಗಾಡಿಗೆ ಕಲ್ಲು ಯಾವುದು, ಹಲಸು ಯಾವುದು ಅಂತ ಹೇಗೆ ಗೊತ್ತಾಗ್ತದೆ?”

ಪತ್ರೊಡೆ ಚೆನ್ನಾಗಿತ್ತು, ನನಗೂ ಹೌದೆಂದೇ ಕಂಡಿತು. ಕಲ್ಲು ಇಳಿಯಿತು, ಹಲಸು ಏರಿತು.

ಮುಂಡಾಜೆಯ ಮೈದಾನ ಮಟ್ಟಸವಾಗಿತ್ತು, ಜನವೂ ಸೇರಿದ್ದರು. ಮೊದಲು ಮಾಮಿಯ ಮಗಳ ಮನೆಗೆ ಹೋಗಿ ಹಲಸು ಇಳಿಸಿದರೆ ಗಾಡಿಗೆ ತೂಕವಿಲ್ಲ, ಆದ್ದರಿಂದ ಓಟ ಮುಗಿಸಿಯೇ ಹೋಗುವ ಎಂದು ನಿರ್ಧರಿಸಿದೆವು. ನಮಗೆ ಎದುರಾಳಿಯಾಗಿ ಬಂದವನು ಮೂಡುಬಿದಿರೆಯ ಕಾಲೇಜಿನಲ್ಲಿ ಓದುವ ವಿಜಯಪುರದ ಕಡೆಯ ಹುಡುಗ. ಅವನ ಪಿಕಪ್ಪಿನಲ್ಲಿ ಮರಳಿನ ಚೀಲಗಳನ್ನು ಹಗ್ಗ ಹಾಕಿ ಬಿಗಿದು ಕಟ್ಟಿತ್ತು. ಅವನು ನಮ್ಮ ಗಾಡಿಯ ಹಿಂಭಾಗ ನೋಡಿ ನಕ್ಕುಬಿಟ್ಟ.

“ಅಣ್ಣಾರ, ರೇಸ್ ಹೊಡ್ಯಾಕ ಬಂದೀರೋ, ಸಂತಿ ಮಾಡಾಕ ಬಂದೀರೋ?”

“ನೀನು ಮುಂದೆ ನೋಡಿ ಓಡಿಸು ತಮ್ಮ,” ಭಾವ ಗಂಭೀರವಾಗಿ ಹೇಳಿದರು. “ಹಿಂದಿನಿಂದ ನೋಡ್ಲಿಕ್ಕೆ ಮತ್ತೆ ಬೇಕಾದಷ್ಟು ಪುರುಸೊತ್ತು ಸಿಗ್ತದೆ.”

ನಾನು ಭಾವನ ಪಕ್ಕ ಕೂತು ಬೆಲ್ಟ್ ಹಾಕಿಕೊಂಡೆ. ಟಯರಿನ ಗಾಳಿ ಇಳಿಸಿಯಾಗಿತ್ತು. ಎಡಗಾಲು ಬ್ರೇಕಿಗೆ, ಬಲಗಾಲು ಪೆಡಲಿಗೆ. ಹೊಗೆ ಬಂತು, ಟರ್ಬೋ ಸಿಳ್ಳೆ ಹಾಕಿತು, ಬಾವುಟ ಬಿತ್ತು. ಭಾವ ಬ್ರೇಕ್ ಬಿಟ್ಟರು.

ಗಾಡಿ ಹಾರಿತು ಮಾರಾಯ್ರೆ! ಆ ಎಳೆತಕ್ಕೆ ಹಲಸಿನಕಾಯಿಗಳೆಲ್ಲ ಹಿಂದಕ್ಕೆ ಉರುಳಿ ಬಾಲದ ಬಾಗಿಲಿಗೆ ಗುಡ್ಡೆ ಬಿದ್ದವು. ಬಾಲಕ್ಕೆ ತೂಕ ಬಿದ್ದು ಚಕ್ರಗಳು ನೆಲವನ್ನು ಕಚ್ಚಿ ಹಿಡಿದವು. ಹುಡುಗನ ಗಾಡಿ ಹಿಂದೆ ಉಳಿಯಿತು. “ಕಲ್ಲಿಗಿಂತ ಹಲಸೇ ಒಳ್ಳೆದು!” ಎಂದು ಭಾವ ಕಿರುಚಿದರು.

ಅಷ್ಟು ತೂಕ ಒಮ್ಮೆಲೇ ಬಡಿದದ್ದಕ್ಕೆ ಬಾಲದ ಬಾಗಿಲಿನ ಕೊಂಡಿ ಕಳಚಿತು. ಕನ್ನಡಿಯಲ್ಲಿ ನೋಡಿದೆ. ಮಾಮಿಯ ಹಲಸುಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದರ ಹಿಂದೆ ಒಂದು ಇಳಿದು ಹೋಗುತ್ತಿದ್ದವು. ಬಾಲದಲ್ಲಿ ಈಗ ತೂಕವಿಲ್ಲ. ಶಕ್ತಿ ಮಾತ್ರ ಪೂರ್ತಿ ಎದ್ದು ಕೂತಿದೆ.

“ಭಾವ, ಕಾಲು ತೆಗೀರಿ!”

“ತೆಗೆದರೆ ಟರ್ಬೋ ಮಲಗ್ತದೆ!”

ಭಾವ ತೆಗೆಯಲಿಲ್ಲ. ಚಕ್ರಗಳು ಗಿರಗಿರನೆ ತಿರುಗಿದವು, ಬಾಲ ಬಲಕ್ಕೆ ಹೋಯಿತು, ಇನ್ನೂ ಹೋಯಿತು, ಕೊನೆಗೆ ನಮಗಿಂತ ಮುಂದೆಯೇ ಹೋಯಿತು. ನಾವು ಹೊರಟ ಜಾಗವನ್ನು ನೋಡುತ್ತ, ಹಿಮ್ಮುಖವಾಗಿ ಜಾರುತ್ತ ಗೆರೆ ದಾಟಿದೆವು. ಹುಡುಗನೂ ಅದೇ ಹೊತ್ತಿಗೆ ಪಕ್ಕದಲ್ಲಿ ದಾಟುತ್ತಿದ್ದ. ಒಂದು ಕ್ಷಣ ನಾವು ಮೂವರೂ ಕಿಟಕಿಯಿಂದ ಕಿಟಕಿಗೆ ಮುಖಾಮುಖಿಯಾಗಿ ನೋಡಿಕೊಂಡೆವು. ಭಾವ ಅಭ್ಯಾಸಬಲದಿಂದ ನಮಸ್ಕಾರ ಮಾಡಿದರು.

ಪಂದ್ಯದ ತೀರ್ಪುಗಾರರು ಒಬ್ಬ ನಿವೃತ್ತ ಆಟದ ಮೇಷ್ಟ್ರು. ಮೊಬೈಲಿನ ವೀಡಿಯೊವನ್ನು ತಿರುತಿರುಗಿ ನೋಡಿ, “ಗಾಡಿಯ ಯಾವ ಭಾಗ ಮೊದಲು ದಾಟಬೇಕು ಅಂತ ನಿಯಮ ಇಲ್ಲ. ಪಾಣೆಮಂಗಳೂರಿನ ಗಾಡಿ ಮೊದಲು,” ಎಂದು ಸೀಟಿ ಊದಿದರು. ಭಾವ ನನ್ನನ್ನು ಎತ್ತಿಕೊಂಡು ಕುಣಿದರು. ಹುಡುಗ ಪಾಪ, ಹಲಸು ಹೆಕ್ಕಲು ನಮ್ಮ ಜೊತೆ ಬಂದ. ಒಡೆಯದೆ ಉಳಿದದ್ದನ್ನು ಮಾಮಿಯ ಮಗಳ ಮನೆಗೆ ಮುಟ್ಟಿಸಿದೆವು. ಅವಳು ನಮ್ಮ ಮೈಗಂಟಿದ ಹಲಸಿನ ಮೇಣ ನೋಡಿ, ಉಜ್ಜಿ ತೆಗೆಯಲು ತೆಂಗಿನೆಣ್ಣೆ ಕೊಟ್ಟಳು.

ಸಂಜೆ ಅಕ್ಕ ಅಂಗಳದಲ್ಲಿ ನಿಂತೇ ಭಾವನ ಮೊಬೈಲಿಗೆ ಬಂದಿದ್ದ ಆ ವೀಡಿಯೊ ನೋಡಿದಳು. ಗೆರೆಯ ಹತ್ತಿರ ಬಂದಾಗ ಬೆರಳಿನಿಂದ ನಿಲ್ಲಿಸಿದಳು.

“ಇದು ಎಂತದು, ಮೊದಲು ದಾಟಿದ್ದು?”

“ನಮ್ಮ ಗಾಡಿ!” ಅಂದರು ಭಾವ.

“ಗಾಡಿಯ ಬಾಲ. ಆಮೇಲೆ ದಾಟಿದ್ದು ಆ ಹುಡುಗನ ಬಾನೆಟ್. ನಿಮ್ಮ ಬಾನೆಟ್ ಅದರ ಹಿಂದೆ. ಟರ್ಬೋ ಇರುವುದು ಎಲ್ಲಿ? ಬಾಲದಲ್ಲಾ, ಬಾನೆಟಿನ ಒಳಗಾ?”

ಭಾವ ಬಾನೆಟಿನ ಕಡೆ ತಿರುಗಿ ನೋಡಿದರು. ನಾನು ಹಪ್ಪಳ ಎಣಿಸುವವನಂತೆ ನಟಿಸಿದೆ.

“ಬಾಲ ಗೆದ್ದಿದೆ. ಬಾಲ ಇರಲಿ, ನನ್ನದು ಅಡ್ಡಿ ಇಲ್ಲ,” ಅಂದಳು ಅಕ್ಕ. “ಟರ್ಬೋ ಸೋತಿದೆ.”

ಮೇಷ್ಟ್ರ ತೀರ್ಪಿನ ಮೇಲೆ ಮೇಲ್ಮನವಿ ಹೋಗಬಹುದೇನೋ, ಅಕ್ಕನ ತೀರ್ಪಿನ ಮೇಲೆ ಇಲ್ಲ. ಸೋಮವಾರ ಭಾವ ಬಾನೆಟ್ ತೆರೆದು ಸ್ಪ್ಯಾನರ್ ಹಿಡಿದರು. ಬೋಲ್ಟು ಒಂದೊಂದು ಕಳಚುವಾಗಲೂ ನಿಟ್ಟುಸಿರು. ಅಕ್ಕ ಒಂದು ಹೊತ್ತು ನೋಡಿ, ಚಾ ತಂದಿಟ್ಟಳು. “ಬಿಸಾಡ್ಬೇಡಿ. ಮಳೆ ಶುರುವಾದ ಮೇಲೆ ಹಾಕಿಕೊಳ್ಳಿ, ಆಗ ಅಂಗಳದಲ್ಲಿ ಹಪ್ಪಳ ಇರುವುದಿಲ್ಲ.”

“ಮಳೆಯಲ್ಲಾ?” ಭಾವ ಲೋಟ ಹಿಡಿದು ಕಂಗಾಲಾದರು. “ಕೆಸರಲ್ಲಿ ಹಿಡಿತ ಎಲ್ಲಿ ಸಿಗ್ತದೆ?”

“ಅದು ನಿಮ್ಮ ವಿಷಯ,” ಎಂದು ಅಕ್ಕ ಒಳಗೆ ಹೋದಳು.

ಭಾವ ಟರ್ಬೋವನ್ನು ಹಳೆಯ ಬೈರಾಸು ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ವಾಲಿ, ದನಿ ತಗ್ಗಿಸಿ ಕೇಳಿದರು: “ಅಲ್ಲ ಮಾರಾಯ, ನಿನ್ನ ತೂಕ ಎಷ್ಟುಂಟು?”