ಬಾರಗೀರನ ಪುಟ

ಮನ್ಸೂರಅಲಿ ಕೂತಲ್ಲಿ ಕೂಡುವವನಲ್ಲ. ಶಹಾಪುರ ಡಿಪೋದಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿ ನಿವೃತ್ತನಾದ ಮೇಲೂ ದಿನಾ ಸುರಪುರದ ಬಸ್ಸು ಹತ್ತುತ್ತಿದ್ದ. ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದ. ಹೋಗುತ್ತಿದ್ದುದು ಅಲ್ಲಿಯ ಅಚ್ಚುಕೂಟಕ್ಕೆ. ಮೊದಲ ಮಹಾಯುದ್ಧಕ್ಕೆ ನಿಜಾಮರ ಸೀಮೆಯಿಂದ ತಾವಾಗಿ ಮುಂದೆ ಬಂದು, ಈಜಿಪ್ತಿನ ಮರಳುಗಾಡಿಗೆ ಹೋದ ಒಂದು ಕುದುರೆ ಪಡೆಯ ಚರಿತ್ರೆಯನ್ನು ಅವನು ಒಂಬತ್ತು ವರ್ಷ ಅಲೆದು ಬರೆದಿದ್ದ. ಆ ಪಡೆಯಲ್ಲಿ ಅವನ ಮುತ್ತಜ್ಜನೂ ಇದ್ದ. ತಿರುಗಿ ಬರಲಿಲ್ಲ.

ಸ್ವಂತ ಕುದುರೆ ತಂದ ಸವಾರ ಸಿಲೇದಾರ. ಬೇರೆಯವರ ಕುದುರೆ ಏರಿದವನು ಬಾರಗೀರ. ಮನ್ಸೂರಅಲಿಯ ಮನೆತನಕ್ಕೆ ಸಿಲೇದಾರ ಎಂದೇ ಅಡ್ಡಹೆಸರು. ಬಾಗಿಲ ಮೇಲೆ, ರೇಷನ್ ಕಾರ್ಡಿನಲ್ಲಿ, ಲಗ್ನಪತ್ರಿಕೆಗಳಲ್ಲಿ ಅದೇ. ಪುಸ್ತಕ ಅಚ್ಚಿಗೆ ಹೋದ ವಾರ ಹೈದರಾಬಾದಿನಿಂದ ಪಡೆಯ ಹಳೆಯ ಉರ್ದು ಹಾಜರಿಪಟ್ಟಿಯ ನಕಲು ಬಂತು. ಮುತ್ತಜ್ಜನ ಹೆಸರಿನ ಮುಂದೆ ಬಾರಗೀರ ಎಂದಿತ್ತು. ಕುದುರೆ ಶಿರವಾಳದ ಗೌಡರ ಮನೆಯದು.

"ಒಲಿಗೆ ಹಾಕು ಅದನ್ನ," ಎಂದಳು ಅಕ್ಕ ಜೈತುನಬೀ. "ಮಂದಿ ಕುದುರಿ ಏರಿದೋರು ಅಂತ ನೀನೇ ಊರಾಗ ಡಂಗುರ ಹೊಡೀತೀಯೇನು? ಬಾರಗೀರ ಅಂತ ಬರದಿ ಅಂದ್ರ ನನ್ನ ಕೂಡ ಮಾತಾಡಬ್ಯಾಡ."

ಅವನು ನಕಲನ್ನು ಮಡಚಿ ಜೇಬಿಗಿಟ್ಟ. ಮರುದಿನವೇ ಶಿರವಾಳಕ್ಕೆ ಹೋದ. ಆ ಗೌಡರ ಮನೆಯ ಸೂಗಪ್ಪ ಅವನ ಹಳೆಯ ಗೆಳೆಯ.

"ಕುದುರಿ ನಿಮ್ದಂತ್ರಿ ಗೌಡ್ರ."

"ಹಂಗಾರ ವಾಪಸ್ ಕೊಡಪಾ ಕಂಡಕ್ಟರ್ ಸಾಬ್, ನೂರು ವರ್ಷ ಆತು!" ಎಂದು ನಕ್ಕ ಸೂಗಪ್ಪ, ಗೆಳೆಯನ ಮುಖ ನೋಡಿ ನಗು ನಿಲ್ಲಿಸಿದ. "ಕುದುರಿ ಕಳಿಸಿ ನಮ್ಮ ಹಿರ್ಯಾರು ಜ್ವಾಳದ ಹೊಲದಾಗ ಆರಾಮ ಇದ್ರು. ಸತ್ತಾಂವ ನಿಮ್ಮಜ್ಜ. ಸಿಲೇದಾರ ಅಂತಲೇ ಬರಿ. ಕೇಳೋರು ಯಾರದಾರ?"

"ಉಳಿದ ನಾನೂರು ಮಂದಿದೂ ನಾನೇ ಬರದೀನ್ರಿ. ನಮ್ಮ ಮನಿದೊಂದು ಸುಳ್ಳು ಹಾಕಿದ್ರ ಅವರನ್ನ ಯಾರು ನಂಬತಾರ?"

ಚಹಾ ಮುಟ್ಟದೆ ಎದ್ದ. ಸುರಪುರ ತಲುಪುವಷ್ಟರಲ್ಲಿ ಮುತ್ತಜ್ಜನನ್ನು ಸಿಲೇದಾರ ಎಂದಿದ್ದ ಪುಟ ಅಚ್ಚಾಗಿಬಿಟ್ಟಿತ್ತು. ಎಲ್ಲ ಪ್ರತಿಗಳನ್ನೂ ತೆಗೆಸಿದ. ತಿದ್ದಿದ ಪುಟ ಮಿಷನ್ನಿನಿಂದ ಬೀಳುವವರೆಗೆ ಪಕ್ಕದಲ್ಲೇ ನಿಂತಿದ್ದ.

ಅಕ್ಕ ಮಾತು ಬಿಟ್ಟ ಐದನೆಯ ದಿನ ಶಹಾಪುರದ ಬಸ್ ನಿಲ್ದಾಣದಲ್ಲಿ ಅವನ ಎದೆಬಡಿತ ನಿಂತಿತು. ಪುಸ್ತಕ ಇನ್ನೂ ಅಚ್ಚುಕೂಟದಲ್ಲಿ, ಹಾಳೆಗಳ ಹೊಲಿಗೆಯಲ್ಲಿತ್ತು.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಸೂಗಪ್ಪ ಒಂದು ಪ್ರತಿ ತಂದ. ಜೈತುನಬೀಗೆ ಕನ್ನಡ ಓದಲು ಬಾರದು. "ಅಜ್ಜಂದು ಯಾವ ಪುಟ?" ಎಂದಳು. ಸೂಗಪ್ಪ ತೆಗೆದು ಓದಿದ.

"ಬಾರಗೀರ ಅಂತಲೇ ಬರದಾನ?"

"ಹೌದ್ರಿ ಅಕ್ಕಾ."

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಐದು ದಿನ ಅವನ ಕೂಡ ಮಾತಾಡಿದ್ದಿಲ್ಲ ನಾ," ಎಂದಳು. "ಓದ್ರಿ. ಮುಂದ ಓದ್ರಿ."