ಮೊಮ್ಮಗುವಿಗೆ ನೀರೆರೆಯುವ ಸೊಂಟ

ಆವಕಾಯಿ ಉಪ್ಪಿನಕಾಯಿಯ ಭರಣಿಯನ್ನು ಕಪಾಟಿನಲ್ಲಿಡಲೆಂದು ನೆಲದಿಂದ ಎತ್ತಿದ್ದೇ ನೆಪ. ಸೊಂಟ ಹಿಡಿದುಕೊಂಡಿತು. ಭರಣಿಯನ್ನು ಹೇಗೋ ಒಡೆಯದಂತೆ ಇಳಿಸಿದೆ, ನಾನು ಮಾತ್ರ ನೆಟ್ಟಗಾಗಲಿಲ್ಲ.

ಮಗಳು ಆಗ ಬಸುರಿ, ದಸರೆಯ ಹೊತ್ತಿಗೆ ಹೆರಿಗೆ. ಅವಳ ಮನೆ, ಡಾಕ್ಟರು ಎಲ್ಲ ವಿಜಯವಾಡದಲ್ಲಿ. ಬಾಣಂತನಕ್ಕೆ ನಾನೇ ವಿಶಾಖಪಟ್ಟಣದಿಂದ ಹೋಗುವುದೆಂದು ಮಾತಾಗಿತ್ತು. ನನಗೆ ನನ್ನಜ್ಜಿ, ನನ್ನ ಮಗಳಿಗೆ ನನ್ನಮ್ಮ, ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ನೀರೆರೆದವರು. ಈಗಿನದು ನನ್ನ ಸರದಿ.

ಡಾಕ್ಟರು ಫಿಸಿಯೋಥೆರಪಿ ಮಾಡಿಸಿ ಎಂದರು. ನಾನು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಮಲಗಿದೆ. ಮಲಗಿದಷ್ಟೂ ಏಳುವುದು ಕಷ್ಟವಾಯಿತು.

"ಅಮ್ಮಾ, ನೀನು ರೆಸ್ಟ್ ತೀಸ್ಕೊ," ಎಂದಳು ಮಗಳು ಫೋನಿನಲ್ಲಿ, ತನ್ನ ಅರ್ಧ ತೆಲುಗಿನ ಕನ್ನಡದಲ್ಲಿ. "ಪಾಪೂಗೆ ಸ್ನಾನ ಮಾಡ್ಸೋಕೆ ಇಲ್ಲಿ ಒಬ್ಬ ಆಯಮ್ಮನ್ನ ಮಾತಾಡಿದೀನಿ."

ಮರುದಿನವೇ ನಮ್ಮೂರಿನ ಮಧುರವಾಡ ಬಡಾವಣೆಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ.

ಫಿಸಿಯೋಥೆರಪಿಸ್ಟ್ ನನ್ನ ಮಗಳ ವಯಸ್ಸಿನ ತೆಲುಗು ಹುಡುಗಿ. ಕಿವಿಯಲ್ಲಿ ಪುಟ್ಟ ಮೀನಿನ ಓಲೆ. ನೆಲದ ಮೇಲೆ ಟವೆಲ್ ಹಾಕಿ ಎತ್ತಿಕೊಡಿ ಎಂದಳು. ಪಾದ ಜೋಡಿಸಿ, ಮಂಡಿ ನೆಟ್ಟಗಿಟ್ಟು ಬಾಗಿದೆ. ಸೊಂಟ ಚಳಕ್ ಎಂದಿತು.

"ಹೀಗೆ ಬಗ್ಗೋದನ್ನ ಯಾರು ಕಲಿಸಿದ್ರು ಅಮ್ಮಾ?"

"ಕಾನ್ವೆಂಟಿನ ಡ್ರಿಲ್ ಕ್ಲಾಸಲ್ಲಿ ಸಿಸ್ಟರ್. ಮಂಡಿ ಬಗ್ಗಿದ್ರೆ ಸ್ಕೇಲು ಬೀಳ್ತಿತ್ತು."

"ಸಿಸ್ಟರ್ ಬೈದ್ರೆ ನನ್ನ ಹೆಸರು ಹೇಳಿ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಸ್ಟೂಲ್ ಮೇಲೆ ಕೂರೋ ಹಾಗೆ ಹಿಂದಕ್ಕೆ ಹೋಗಿ."

ಕಾಲು ಅಗಲಿಸಲು ಇಷ್ಟು ವರ್ಷದ ಮೇಲೂ ನಾಚಿಕೆ. ಬಾಗಿಲ ಕಡೆ ನೋಡಿಯೇ ಅಗಲಿಸಿದೆ.

ಮಗುವಿನ ಸ್ನಾನದ ವಿಷಯ ಹೇಳಿದಾಗ ಅವಳು ಬೇಡ ಅನ್ನಲಿಲ್ಲ. ಚಾಪೆಯ ಮೇಲೆ ಕಾಲು ಚಾಚಿ ಕೂರಿಸಿ ನೋಡಿದಳು. ತೊಡೆಯ ಹಿಂದಿನ ಸ್ನಾಯು ಬಿಗಿದಿದೆ, ಅದು ಸೊಂಟವನ್ನು ಎಳೆಯುತ್ತಿದೆ, ಬೆಲ್ಟಿನಿಂದ ಹೊಟ್ಟೆ ಬೆನ್ನು ಎರಡೂ ಸೋಮಾರಿಯಾಗಿವೆ ಎಂದಳು. "ಮಣೆ ಎತ್ತರ ಮಾಡೋಣ. ಬೆನ್ನಿಗೆ ಗೋಡೆ ಇರಲಿ. ಮಂಡಿ ಒಂಚೂರು ಬಗ್ಗಿರಲಿ. ಆದರೆ ಮನೇಲಿ ದಿನಾ ಮಾಡ್ಬೇಕು."

ಮಾಡಿದೆ. ಅಂಗಾತ ಮಲಗಿ ಸೊಂಟ ಎತ್ತುವುದು, ಬೆಕ್ಕಿನಂತೆ ಕೈಕಾಲೂರಿ ಬೆನ್ನು ಬಾಗಿಸುವುದು, ಸಂಜೆ ಅಪಾರ್ಟ್‌ಮೆಂಟಿನ ಸುತ್ತ ನಡೆಯುವುದು. ಕೆಲವು ದಿನ ನೋವು ಹೆಚ್ಚಿತು. ಆ ದಿನ ಕಡಿಮೆ ಮಾಡಿದೆ, ಬಿಡಲಿಲ್ಲ. ಬೆಲ್ಟು ಬೀರುವಿಗೆ ಹೋಯಿತು. ಕೊನೆಗೆ ಚಿಕ್ಕ ಅಕ್ಕಿ ಚೀಲವನ್ನು ಟವೆಲಿನಲ್ಲಿ ಸುತ್ತಿ ಕಾಲ ಮೇಲೆ ಮಲಗಿಸಿಕೊಂಡು ಅಭ್ಯಾಸ.

ಯಜಮಾನರು ಬಚ್ಚಲ ಬಾಗಿಲಲ್ಲಿ ನಿಂತು, "ನೀರು ಮಾತ್ರ ಹಾಕ್ಬೇಡ ಕಣೆ, ಅನ್ನ ಆಗೋಗತ್ತೆ," ಎಂದರು.

ವಿಜಯವಾಡಕ್ಕೆ ರೈಲಿನಲ್ಲಿ ಹೋಗುವಾಗ ಆಗಾಗ ಎದ್ದು ಓಡಾಡಿದೆ. ಎದುರು ಸೀಟಿನವರು ಪ್ರತಿ ಸಲವೂ ಕಾಲು ಮಡಚಿಕೊಂಡು ದಾರಿ ಬಿಟ್ಟರು.

ಮಗುವಿನ ಮೊದಲ ಎಣ್ಣೆನೀರಿನ ದಿನ ಆಯಮ್ಮ ಬಂದು ಸೆರಗು ಸಿಕ್ಕಿಸಿಕೊಂಡೇ ನಿಂತಿದ್ದಳು. ನಾನು ಎತ್ತರದ ಮಣೆ ಹಾಕಿ, ಗೋಡೆಗೊರಗಿ ಕುಳಿತು ಕೈ ಚಾಚಿದೆ. ಮಗಳು ಮಗುವನ್ನು ಕೊಡದೆ ನನ್ನ ಮುಖವನ್ನೇ ನೋಡಿದಳು.

"ಅಮ್ಮಾ, ನಿಜವಾಗ್ಲೂ?"

"ಕೊಡೇ. ನೀರು ಆರ್ತಿದೆ."

ಮಗು ಅಕ್ಕಿ ಚೀಲಕ್ಕಿಂತ ಹಗುರ, ಆದರೆ ಅದಕ್ಕಿಂತ ಹೆಚ್ಚು ಜಾರುತ್ತಿತ್ತು. ಬೆನ್ನಿನ ಮೇಲೆ ನೀರು ಬಿದ್ದಾಗ ಕಿರುಚಿ, ಆಮೇಲೆ ನನ್ನ ಮೊಣಕಾಲ ಗಂಟಿಗೆ ಕೆನ್ನೆಯೊತ್ತಿ ಸುಮ್ಮನಾಯಿತು. ಕಿವಿಯ ಹಿಂದೆ ಎಣ್ಣೆ ಉಳಿದಿತ್ತು, ಅದನ್ನೂ ತೊಳೆದೆ.

ಮೊದಲು ಮಗುವನ್ನು ಮಗಳ ಕೈಗೆ ದಾಟಿಸಿದೆ. ಪಕ್ಕಕ್ಕೆ ತಿರುಗಿ, ಒಂದು ಮಂಡಿಯೂರಿ, ಗೋಡೆ ಹಿಡಿದು ಎದ್ದೆ. ಸೊಂಟ ಗೊಣಗಿತು, ಹಿಡಿಯಲಿಲ್ಲ.

"ನಾಳೆಯಿಂದ ಆಯಮ್ಮನ್ನ ಬೇಡ ಅನ್ಲಾ?" ಎಂದಳು ಮಗಳು ಮೆಲ್ಲಗೆ.

"ಬರಲಿ. ಬಕೆಟ್ ಎತ್ತೋದು ಅವಳು. ನೀರು ಹಾಕೋದು ನಾನು."